ಸ್ಟ್ಯಾಟಿನ್ ಮತ್ತು ಸ್ನಾಯು: ಒಂದು ಔಷಧದ ಪ್ರಮಾಣಚರಿತ್ರೆ

ಕೊಲೆಸ್ಟರಾಲ್ ಇಳಿಸುವ ಔಷಧಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಹೃದಯದ ಕಡೆಯಿಂದಲೇ ಬರೆದಿದ್ದಾರೆ. ಎಷ್ಟು ಹೃದಯಾಘಾತ ತಪ್ಪಿತು, ಎಷ್ಟು ಜೀವ ಉಳಿಯಿತು ಎಂಬ ಲೆಕ್ಕವೇ ಅಂಥ ಬರಹಗಳ ಬೆನ್ನೆಲುಬು. ಆ ಲೆಕ್ಕ ಸುಳ್ಳಲ್ಲ. ಆದರೆ ಅದೇ ಚರಿತ್ರೆಯನ್ನು ಮಾತ್ರೆ ನುಂಗಿದವರ ತೊಡೆ, ಮೀನಖಂಡ, ಭುಜಗಳ ಕಡೆಯಿಂದ ಓದಿದರೆ ಘಟನೆಗಳ ಕ್ರಮವೂ ಮಹತ್ವವೂ ಬದಲಾಗುತ್ತವೆ. ಸ್ನಾಯುವಿನ ತೊಂದರೆ ಎಂಬುದು ಸ್ಟ್ಯಾಟಿನ್‌ಗಳು ಕೋಟ್ಯಂತರ ಜನರ ಕೈಸೇರಿದ ಮೇಲೆ ತಿಳಿದುಬಂದ ಸಂಗತಿಯಲ್ಲ. ಅದು ಈ ಔಷಧವನ್ನು ಪಡೆದ ಮೊತ್ತಮೊದಲ ರೋಗಿಯಲ್ಲೇ ಕಾಣಿಸಿಕೊಂಡಿತ್ತು, ಮತ್ತು ಆಕೆಯ ವೈದ್ಯರು ಪ್ರಮಾಣವನ್ನು ತಗ್ಗಿಸಿ ಅದಕ್ಕೆ ಪರಿಹಾರವನ್ನೂ ಕಂಡುಕೊಂಡಿದ್ದರು. ಮುಂದಿನ ಮೂರು ದಶಕಗಳಲ್ಲಿ ಔಷಧೋದ್ಯಮ ಆ ಪಾಠವನ್ನು ಮರೆತು, ಬೆಲೆ ತೆತ್ತು, ಮತ್ತೆ ಕಲಿಯಬೇಕಾಯಿತು.

ಕೊಲೆಸ್ಟರಾಲ್ ಎಂಬ ಮೇಣದಂಥ ವಸ್ತು ಆಹಾರದಿಂದಷ್ಟೇ ಬರುವುದಿಲ್ಲ. ಅದರ ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ, ಅದರಲ್ಲೂ ಯಕೃತ್ತಿನ ಪಾತ್ರ ದೊಡ್ಡದು. ಈ ತಯಾರಿಕೆ ಇಪ್ಪತ್ತಕ್ಕೂ ಹೆಚ್ಚು ಹಂತಗಳಲ್ಲಿ ನಡೆಯುತ್ತದೆ ಎಂಬುದನ್ನು ಬಿಡಿಸಿ ತೋರಿಸಿದವರಲ್ಲಿ ಮುಖ್ಯರಾದ ಕೊನ್ರಾಡ್ ಬ್ಲಾಕ್ ಮತ್ತು ಫಿಯೋಡೊರ್ ಲಿನೆನ್ ಅವರಿಗೆ 1964ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಆ ಹಂತಗಳ ಪೈಕಿ ಒಟ್ಟು ಉತ್ಪಾದನೆಯ ವೇಗವನ್ನು ನಿರ್ಧರಿಸುವ ಹಂತ ಆರಂಭದಲ್ಲೇ ಇದೆ. ಅಲ್ಲಿ ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ಪ್ರೋಟೀನು, ಮೆವಲೊನೇಟ್ ಎಂಬ ಸಣ್ಣ ಅಣುವನ್ನು ಸಿದ್ಧಪಡಿಸುತ್ತದೆ. ಸ್ಟ್ಯಾಟಿನ್‌ಗಳು ತಡೆಯುವುದು ಈ ಕಿಣ್ವವನ್ನೇ. ಮುಂದಿನ ಕಥೆಗೆ ಮುಖ್ಯವಾದ ಅಂಶವೆಂದರೆ, ಮೆವಲೊನೇಟ್‌ನಿಂದ ಹುಟ್ಟುವುದು ಕೊಲೆಸ್ಟರಾಲ್ ಒಂದೇ ಅಲ್ಲ. ಜೀವಕೋಶದೊಳಗಿನ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಗಳಿಗೆ ಬೇಕಾದ ಕೋಎಂಜೈಮ್ ಕ್ಯೂ-10 ಮತ್ತು ಹಲವು ಪ್ರೋಟೀನುಗಳನ್ನು ಕೋಶದ ಪೊರೆಗೆ ಅಂಟಿಸುವ ಬಾಲದಂಥ ಅಣುಗಳೂ ಇದೇ ದಾರಿಯಿಂದ ಬರುತ್ತವೆ, ಮತ್ತು ಈ ದಾರಿ ಯಕೃತ್ತಿನಲ್ಲಿರುವಂತೆ ಸ್ನಾಯುವಿನಲ್ಲೂ ಇದೆ.

ಕೊಲೆಸ್ಟರಾಲ್‌ಗೂ ರಕ್ತನಾಳಗಳ ರೋಗಕ್ಕೂ ಇರುವ ನಂಟನ್ನು 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ನಿಕೊಲಾಯ್ ಅನಿಚ್ಕೊವ್ ಮೊಲಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದರು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನ ಅದೇ ನಂಟನ್ನು ಮನುಷ್ಯರಲ್ಲಿ ಗುರುತಿಸಿತು. ಆ ಬಳಿಕ ಔಷಧದ ಹುಡುಕಾಟ ಬಿರುಸಾಯಿತು, ಆದರೆ ಮೊದಲ ಫಲಗಳು ಕಹಿಯಾಗಿದ್ದವು. 1960ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಟ್ರೈಪ್ಯಾರನಾಲ್ ಎಂಬ ಔಷಧ ಕೊಲೆಸ್ಟರಾಲ್ ತಯಾರಿಕೆಯ ಕಡೆಯ ಹಂತವೊಂದನ್ನು ತಡೆಯುತ್ತಿತ್ತು. ಹಾಗೆ ತಡೆದಾಗ ಅರೆಬರೆ ಸಿದ್ಧವಾದ ಡೆಸ್ಮೊಸ್ಟರಾಲ್ ರಕ್ತದಲ್ಲೂ ಅಂಗಾಂಶಗಳಲ್ಲೂ ತುಂಬಿಕೊಂಡಿತು, ಔಷಧ ಸೇವಿಸಿದವರಲ್ಲಿ ಕಣ್ಣಿನ ಪೊರೆ, ಕೂದಲುದುರುವಿಕೆ, ಚರ್ಮದ ರೋಗಗಳು ಕಾಣಿಸಿಕೊಂಡವು, ಮತ್ತು 1962ರಲ್ಲಿ ಅದನ್ನು ಹಿಂದೆಗೆದುಕೊಳ್ಳಲಾಯಿತು. ಅದೇ ದಶಕದಲ್ಲಿ ಪರೀಕ್ಷೆಗೊಳಗಾದ ಡೈಅಜಕೊಲೆಸ್ಟರಾಲ್ ಎಂಬ ಇನ್ನೊಂದು ವಸ್ತು ಸ್ನಾಯುಗಳನ್ನೇ ಹಿಡಿಯಿತು. ಸಂಕುಚಿಸಿದ ಸ್ನಾಯು ಬೇಗ ಸಡಿಲಗೊಳ್ಳದ ಮಯೊಟೋನಿಯಾ ಎಂಬ ಸ್ಥಿತಿ ಅದನ್ನು ಪಡೆದವರಲ್ಲಿ ಉಂಟಾಯಿತು. ಬ್ರಿಟನ್ನಿನಲ್ಲಿ ರೂಪುಗೊಂಡ, ಬೇರೆಯೇ ಬಗೆಯಲ್ಲಿ ಕೆಲಸ ಮಾಡುವ ಕ್ಲೋಫೈಬ್ರೇಟ್ ಬಳಸಿದ ಕೆಲವರಲ್ಲಿ ತೀವ್ರ ಸ್ನಾಯುನೋವು ಮತ್ತು ಬಲಹೀನತೆ ಕಾಣಿಸಿಕೊಂಡದ್ದು 1968ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಯಿತು. ಸ್ಟ್ಯಾಟಿನ್ ಹುಟ್ಟುವುದಕ್ಕೆ ಮುಂಚೆಯೇ, ರಕ್ತದ ಕೊಬ್ಬಿಗೆ ಕೈಹಾಕಿದರೆ ಸ್ನಾಯು ದೂರು ಕೊಡಬಹುದೆಂಬ ಸೂಚನೆ ಹೀಗೆ ದೊರೆತಿತ್ತು.

ಸ್ಟ್ಯಾಟಿನ್‌ನ ಜನ್ಮಸ್ಥಳ ಜಪಾನ್. ಅಕಿತಾ ಪ್ರಾಂತ್ಯದ ಕೃಷಿಕ ಕುಟುಂಬದಲ್ಲಿ 1933ರಲ್ಲಿ ಹುಟ್ಟಿದ ಅಕಿರಾ ಎಂಡೊ ಬಾಲ್ಯದಿಂದಲೇ ಅಣಬೆ ಮತ್ತು ಬೂಷ್ಟುಗಳಲ್ಲಿ ಆಸಕ್ತರು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರಿಗೆ ಆದರ್ಶ. ಸ್ಯಾಂಕ್ಯೊ ಕಂಪನಿಯನ್ನು ಸೇರಿದ ಎಂಡೊ ಮೊದಲು ಹಣ್ಣಿನ ರಸವನ್ನು ತಿಳಿಗೊಳಿಸುವ ಪೆಕ್ಟಿನೇಸ್ ಕಿಣ್ವದ ಮೇಲೆ ಕೆಲಸ ಮಾಡಿದರು. 1966ರಿಂದ 1968ರವರೆಗೆ ನ್ಯೂಯಾರ್ಕಿನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಅಲ್ಲಿ ಹೃದ್ರೋಗದ ಹಾವಳಿಯನ್ನು ಕಂಡು, ಸ್ವದೇಶಕ್ಕೆ ಮರಳಿದ ಮೇಲೆ ಒಂದು ಊಹೆಯ ಬೆನ್ನುಹತ್ತಿದರು: ಬೂಷ್ಟುಗಳು ತಮ್ಮ ಶತ್ರುಗಳಾದ ಸೂಕ್ಷ್ಮಜೀವಿಗಳನ್ನು ಹಿಮ್ಮೆಟ್ಟಿಸಲು, ಅವುಗಳಿಗೆ ಬೇಕಾದ ಮೆವಲೊನೇಟ್ ತಯಾರಿಕೆಯನ್ನೇ ತಡೆಯುವ ವಸ್ತುಗಳನ್ನು ಸ್ರವಿಸುತ್ತಿರಬಹುದು. 1971ರಲ್ಲಿ ಆರಂಭವಾದ ಶೋಧ ಸುಮಾರು 6,000 ತಳಿಗಳನ್ನು ಜಾಲಾಡಿತು. ಕ್ಯೋಟೊದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ಬೆಳೆದಿದ್ದ ಪೆನಿಸಿಲಿಯಮ್ ಸಿಟ್ರಿನಮ್ ಎಂಬ ನೀಲಿಹಸಿರು ಬೂಷ್ಟಿನಿಂದ 1973ರಲ್ಲಿ ದೊರೆತ ವಸ್ತುವೇ ಮುಂದೆ ಕಾಂಪ್ಯಾಕ್ಟಿನ್ ಎಂದು ಹೆಸರಾದ ಮೊದಲ ಸ್ಟ್ಯಾಟಿನ್. ಇಲಿಗಳಿಗೆ ಕೊಟ್ಟಾಗ ಅದು ಕೆಲಸ ಮಾಡಲಿಲ್ಲ, ಯೋಜನೆ ಮುಚ್ಚುವ ಹಂತಕ್ಕೆ ಬಂತು. ಸಹೋದ್ಯೋಗಿಯೊಬ್ಬರು ಸಾಕಿದ್ದ ಮೊಟ್ಟೆಕೋಳಿಗಳ ಮೇಲೆ 1976ರಲ್ಲಿ ನಡೆಸಿದ ಪ್ರಯೋಗದಲ್ಲಿ ಕೊಲೆಸ್ಟರಾಲ್ ಅರ್ಧದಷ್ಟು ಇಳಿದುದರಿಂದ ಅದು ಉಳಿದುಕೊಂಡಿತು.

ಮನುಷ್ಯರ ಮೇಲಿನ ಮೊದಲ ಬಳಕೆ 1978ರ ಫೆಬ್ರುವರಿಯಲ್ಲಿ ಒಸಾಕಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಡೆಯಿತು. ತಂದೆತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಪಡೆದಿದ್ದ, ಅದರಿಂದಾಗಿ ರಕ್ತದ ಕೊಲೆಸ್ಟರಾಲ್ ಡೆಸಿಲೀಟರಿಗೆ 1,000 ಮಿಲಿಗ್ರಾಂ ಆಸುಪಾಸಿನಲ್ಲಿದ್ದ ತರುಣಿಯೊಬ್ಬಳಿಗೆ ವೈದ್ಯ ಅಕಿರಾ ಯಾಮಾಮೊಟೊ ದಿನಕ್ಕೆ 500 ಮಿಲಿಗ್ರಾಂ ಕಾಂಪ್ಯಾಕ್ಟಿನ್ ಕೊಟ್ಟರು. ಕೊಲೆಸ್ಟರಾಲ್ ಇಳಿಯಿತು. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಆಕೆಯ ಸ್ನಾಯುಗಳು ಬಲಗುಂದಿದವು, ಮತ್ತು ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಏರಿತು. ಸ್ನಾಯುಕೋಶದೊಳಗೆ ಇರಬೇಕಾದ ಈ ಕಿಣ್ವ ರಕ್ತದಲ್ಲಿ ಹೆಚ್ಚಾದರೆ ಕೋಶಗಳಿಗೆ ಪೆಟ್ಟಾಗಿದೆ ಎಂದೇ ಅರ್ಥ. ಯಾಮಾಮೊಟೊ ಔಷಧವನ್ನು ನಿಲ್ಲಿಸಿದರು, ರೋಗಿ ಚೇತರಿಸಿಕೊಂಡಳು. ಅಲ್ಲಿಗೇ ಕೈಬಿಟ್ಟಿದ್ದರೆ ಸ್ಟ್ಯಾಟಿನ್‌ಗಳ ಚರಿತ್ರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ಅವರು ಪ್ರಮಾಣವನ್ನು ಗಣನೀಯವಾಗಿ ತಗ್ಗಿಸಿ ಚಿಕಿತ್ಸೆಯನ್ನು ಮುಂದುವರಿಸಿದರು, ಇತರ ರೋಗಿಗಳಿಗೂ ಕಡಿಮೆ ಪ್ರಮಾಣದಲ್ಲೇ ಕೊಟ್ಟರು, ಮತ್ತು ಆ ಮಟ್ಟದಲ್ಲಿ ಕೊಲೆಸ್ಟರಾಲ್ ಇಳಿಯಿತು, ಸ್ನಾಯು ಸುಮ್ಮನಿತ್ತು. ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ವಿವೇಕದ ನಿರ್ಧಾರ ಇನ್ನೊಂದಿಲ್ಲ.

ನಾಯಿಗಳಲ್ಲಿ ದೀರ್ಘಾವಧಿ ಪರೀಕ್ಷೆ ನಡೆಸಿದಾಗ ಕ್ಯಾನ್ಸರಿನ ಶಂಕೆ ಎದ್ದುದರಿಂದ ಸ್ಯಾಂಕ್ಯೊ 1980ರಲ್ಲಿ ಕಾಂಪ್ಯಾಕ್ಟಿನ್ ಅನ್ನು ಕೈಬಿಟ್ಟಿತು. ಅಷ್ಟರಲ್ಲಿ ಅಮೆರಿಕದ ಮರ್ಕ್ ಕಂಪನಿ ಆಸ್ಪರ್ಜಿಲಸ್ ಟೆರಿಯಸ್ ಎಂಬ ಬೂಷ್ಟಿನಿಂದ ಲೋವಸ್ಟ್ಯಾಟಿನ್ ಪಡೆದಿತ್ತು. ಸ್ಯಾಂಕ್ಯೊ ಬಿಟ್ಟಿದ್ದ ಎಂಡೊ ಕೂಡ ಅದೇ ಅಣುವನ್ನು ಕೆಂಪು ಬೂಷ್ಟಿನಿಂದ ಸ್ವತಂತ್ರವಾಗಿ ಬೇರ್ಪಡಿಸಿದ್ದರು. ಚೀನಾದಲ್ಲಿ ಆಹಾರಕ್ಕೆ ಬಣ್ಣ ಕೊಡುವ ಕೆಂಪು ಯೀಸ್ಟ್ ಅಕ್ಕಿಯಲ್ಲಿರುವುದೂ ಈ ಅಣುವೇ ಆದ್ದರಿಂದ, ಅದನ್ನು 'ನೈಸರ್ಗಿಕ' ಎಂದು ನಂಬಿ ಸ್ಟ್ಯಾಟಿನ್ ಬಿಟ್ಟು ಅದರ ಮಾತ್ರೆಗೆ ಮೊರೆಹೋಗುವವರು ಬೇರೆ ಹೆಸರಿನಲ್ಲಿ ಸ್ಟ್ಯಾಟಿನ್ನನ್ನೇ ಸೇವಿಸುತ್ತಿರುತ್ತಾರೆ. 1987ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಲೋವಸ್ಟ್ಯಾಟಿನ್‌ಗೆ ಒಪ್ಪಿಗೆ ಕೊಟ್ಟಿತು.

ಒಂದು ವರ್ಷದೊಳಗೇ ಮೊದಲ ಎಚ್ಚರಿಕೆ ಬಂತು. ಹೃದಯದ ಕಸಿ ಮಾಡಿಸಿಕೊಂಡು, ದೇಹ ಹೊಸ ಅಂಗವನ್ನು ತಿರಸ್ಕರಿಸದಿರಲೆಂದು ಸೈಕ್ಲೊಸ್ಪೊರಿನ್ ಸೇವಿಸುತ್ತಿದ್ದವರಿಗೆ ಲೋವಸ್ಟ್ಯಾಟಿನ್ ಕೊಟ್ಟಾಗ ಕೆಲವರಲ್ಲಿ ರ್ಯಾಬ್ಡೊಮಯಾಲಿಸಿಸ್ ಉಂಟಾದುದನ್ನು 1988ರಲ್ಲಿ ವೈದ್ಯರು ವರದಿ ಮಾಡಿದರು. ರ್ಯಾಬ್ಡೊಮಯಾಲಿಸಿಸ್ ಎಂದರೆ ಸ್ನಾಯುತಂತುಗಳು ಸಾಮೂಹಿಕವಾಗಿ ಒಡೆದು, ಅವುಗಳೊಳಗಿನ ಮಯೊಗ್ಲೋಬಿನ್ ಎಂಬ ಕೆಂಬಣ್ಣದ ಪ್ರೋಟೀನು ರಕ್ತಕ್ಕೆ ಸೇರಿ, ಮೂತ್ರವನ್ನು ಕಪ್ಪು ಚಹಾದ ಬಣ್ಣಕ್ಕೆ ತಿರುಗಿಸಿ, ಮೂತ್ರಪಿಂಡಗಳನ್ನು ಕಟ್ಟಿಹಾಕುವ ಸ್ಥಿತಿ. ವೈದ್ಯಲೋಕಕ್ಕೆ ಇದು ಹೊಸದಾಗಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ದಾಳಿ ನಡೆದಾಗ ಕುಸಿದ ಕಟ್ಟಡಗಳಡಿ ಗಂಟೆಗಟ್ಟಲೆ ಸಿಲುಕಿ ಬದುಕಿ ಬಂದವರು ಕೆಲವೇ ದಿನಗಳಲ್ಲಿ ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದುದನ್ನು ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ 1941ರಲ್ಲೇ ವಿವರಿಸಿದ್ದರು. ಕಲ್ಲುಮಣ್ಣಿನ ಹೊರೆಯಡಿ ಆಗುತ್ತಿದ್ದ ಹಾನಿ ಈಗ ಎರಡು ಮಾತ್ರೆಗಳ ಜೊತೆಗೂಡುವಿಕೆಯಿಂದ ಆಗಿತ್ತು. ಕಾರಣವೂ ಮೆಲ್ಲನೆ ತಿಳಿಯಿತು: ಸ್ಟ್ಯಾಟಿನ್ ಯಕೃತ್ತಿನೊಳಗೆ ಹೋಗುವುದಕ್ಕೂ ಅಲ್ಲಿ ಒಡೆಯುವುದಕ್ಕೂ ಸೈಕ್ಲೊಸ್ಪೊರಿನ್ ಅಡ್ಡಿಮಾಡುವುದರಿಂದ, ನುಂಗಿದ ಪ್ರಮಾಣ ಅಷ್ಟೇ ಇದ್ದರೂ ರಕ್ತದಲ್ಲಿ ಉಳಿಯುವ ಪ್ರಮಾಣ ಹಲವು ಪಟ್ಟಾಗಿ, ಸ್ನಾಯುವಿಗೆ ತಲುಪುವ ಪಾಲು ಬೆಳೆಯುತ್ತದೆ. ಅಂಥ ರೋಗಿಗಳಿಗೂ ಸ್ಟ್ಯಾಟಿನ್ ನಿಷಿದ್ಧವಾಗಬೇಕಾಗಿರಲಿಲ್ಲ. ಬೇರೆ ಬಗೆಯಲ್ಲಿ ದೇಹದಿಂದ ಹೊರಹೋಗುವ ಪ್ರವಸ್ಟ್ಯಾಟಿನ್ ಹೃದಯ ಕಸಿಯಾದವರ ಉಳಿವನ್ನು ಹೆಚ್ಚಿಸಿದುದನ್ನು 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಅದಕ್ಕೆ ಒಂದು ವರ್ಷ ಮೊದಲು, 1994ರಲ್ಲಿ, ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಸಿಮ್ವಸ್ಟ್ಯಾಟಿನ್ ಸಾವುಗಳನ್ನೇ ಕಡಿಮೆ ಮಾಡಿತೆಂದು ಸಾಬೀತಾಗಿತ್ತು. ಅನುಮಾನಗಳು ಕರಗಿ, ಮಾರುಕಟ್ಟೆ ಉಕ್ಕಿತು. ಆ ಉಬ್ಬರದ ಕಾಲದಲ್ಲೇ, 1997ರಲ್ಲಿ, ಬೇಯರ್ ಕಂಪನಿಯ ಸೆರಿವಸ್ಟ್ಯಾಟಿನ್ ಬಂತು. ಇತರ ಸ್ಟ್ಯಾಟಿನ್‌ಗಳು ಹತ್ತಾರು ಮಿಲಿಗ್ರಾಂ ಬೇಡುವಲ್ಲಿ ಇದಕ್ಕೆ ಮಿಲಿಗ್ರಾಮಿನ ಒಂದಂಶ ಸಾಕಾಗಿತ್ತು. ಆದರೆ ಪ್ರತಿಸ್ಪರ್ಧಿ ಅಟೊರ್ವಸ್ಟ್ಯಾಟಿನ್‌ನಷ್ಟು ಕೊಲೆಸ್ಟರಾಲ್ ಇಳಿಸಬೇಕಾದರೆ ಪ್ರಮಾಣ ಏರಿಸಲೇಬೇಕಿತ್ತು, 0.2 ಮತ್ತು 0.3 ಮಿಲಿಗ್ರಾಂಗಳಿಂದ 0.4ಕ್ಕೆ, ಅಲ್ಲಿಂದ 2000ದಲ್ಲಿ 0.8ಕ್ಕೆ ಅದು ಏರಿತು. ಇದರ ಜೊತೆಗೆ, ಕ್ಲೋಫೈಬ್ರೇಟ್‌ನ ಬಳಗಕ್ಕೇ ಸೇರಿದ ಜೆಮ್‌ಫೈಬ್ರೊಜಿಲ್ ಎಂಬ ಔಷಧವನ್ನು ಸೆರಿವಸ್ಟ್ಯಾಟಿನ್ ಜೊತೆಗೆ ಕೊಡುವ ರೂಢಿಯೂ ಇತ್ತು. ಅದು ಸೆರಿವಸ್ಟ್ಯಾಟಿನ್‌ನ ರಕ್ತಮಟ್ಟವನ್ನು ಐದಾರು ಪಟ್ಟು ಹೆಚ್ಚಿಸುತ್ತದೆ. 2001ರ ಆಗಸ್ಟ್ 8ರಂದು ಬೇಯರ್ ಔಷಧವನ್ನು ಹಿಂದೆಗೆದುಕೊಂಡಾಗ ಅಮೆರಿಕವೊಂದರಲ್ಲೇ ರ್ಯಾಬ್ಡೊಮಯಾಲಿಸಿಸ್‌ನಿಂದಾದ 31 ಸಾವುಗಳು ವರದಿಯಾಗಿದ್ದವು, ಅವರಲ್ಲಿ 12 ಮಂದಿ ಜೆಮ್‌ಫೈಬ್ರೊಜಿಲ್ ಕೂಡ ಸೇವಿಸುತ್ತಿದ್ದರು. ಮರುವರ್ಷ ಪ್ರಕಟವಾದ ಲೆಕ್ಕದಂತೆ, ಸೆರಿವಸ್ಟ್ಯಾಟಿನ್‌ನ ಪ್ರತಿ ಹತ್ತು ಲಕ್ಷ ಔಷಧಚೀಟಿಗಳಿಗೆ ಇಂಥ 3.16 ಸಾವುಗಳು ವರದಿಯಾಗಿದ್ದರೆ ಅಟೊರ್ವಸ್ಟ್ಯಾಟಿನ್ ಮತ್ತು ಪ್ರವಸ್ಟ್ಯಾಟಿನ್‌ಗಳಲ್ಲಿ ಆ ಸಂಖ್ಯೆ 0.04 ಮಾತ್ರ. ಸ್ಟ್ಯಾಟಿನ್ ಎಂಬ ಇಡೀ ವರ್ಗವನ್ನು ದೂಷಿಸಿದವರೂ, ಎಲ್ಲ ತಪ್ಪನ್ನೂ ಜೆಮ್‌ಫೈಬ್ರೊಜಿಲ್ ಮೇಲೆ ಹೊರಿಸಿದವರೂ ಈ ಅಂಕಿಗಳ ಮುಂದೆ ನಿಲ್ಲಲಾರರು. ಒಸಾಕಾದಲ್ಲಿ ಕಂಡಿದ್ದನ್ನು ಕಡೆಗಣಿಸಿ, ಪೈಪೋಟಿಗಾಗಿ ಪ್ರಮಾಣ ಏರಿಸಿದ್ದೇ ಇಲ್ಲಿನ ಮೂಲ ದೋಷ.

ರಕ್ತಮಟ್ಟವನ್ನು ಏರಿಸುವುದು ಔಷಧಗಳಷ್ಟೇ ಅಲ್ಲ. 1989ರಲ್ಲಿ ಕೆನಡಾದ ಡೇವಿಡ್ ಬೇಲಿ ಮತ್ತು ಸಂಗಡಿಗರು ಮದ್ಯದ ಪರಿಣಾಮವನ್ನು ಅಳೆಯುವ ಪ್ರಯೋಗದಲ್ಲಿ ರುಚಿ ಮರೆಸಲೆಂದು ಗ್ರೇಪ್‌ಫ್ರೂಟ್ ರಸ ಬಳಸಿದಾಗ, ಆ ರಸವೇ ರಕ್ತದೊತ್ತಡದ ಔಷಧವೊಂದರ ಮಟ್ಟವನ್ನು ಹೆಚ್ಚಿಸಿದ್ದು ಆಕಸ್ಮಿಕವಾಗಿ ಗೊತ್ತಾಯಿತು. ಕರುಳಿನಲ್ಲಿ ಔಷಧಗಳನ್ನು ಒಡೆಯುವ ಕಿಣ್ವವೊಂದನ್ನು ಅದರಲ್ಲಿರುವ ಫ್ಯೂರಾನೊಕೂಮರಿನ್‌ಗಳು ನಿಷ್ಕ್ರಿಯಗೊಳಿಸುತ್ತವೆ, ಮತ್ತು ಲೋವಸ್ಟ್ಯಾಟಿನ್, ಸಿಮ್ವಸ್ಟ್ಯಾಟಿನ್‌ಗಳು ಒಡೆಯುವುದು ಅದೇ ಕಿಣ್ವದಿಂದ. ಗ್ರೇಪ್‌ಫ್ರೂಟ್ ಹುಟ್ಟಿದ್ದು ಚಕ್ಕೋತ ಮತ್ತು ಕಿತ್ತಳೆಗಳ ಬೆರಕೆಯಿಂದ. ಭೌಗೋಳಿಕ ಗುರುತಿನ ಮನ್ನಣೆ ಪಡೆದ ದೇವನಹಳ್ಳಿಯ ಚಕ್ಕೋತ ಅದರ ತಾಯಿಯ ಕುಲದ್ದು. ಚಕ್ಕೋತದಲ್ಲೂ ಅದೇ ಗುಂಪಿನ ವಸ್ತುಗಳಿರುವುದರಿಂದ ಈ ಎರಡು ಔಷಧಗಳನ್ನು ಸೇವಿಸುವವರು ಅದರ ವಿಷಯದಲ್ಲೂ ವೈದ್ಯರ ಮಾತು ಕೇಳುವುದು ಲೇಸು.

ಸೆರಿವಸ್ಟ್ಯಾಟಿನ್ ಮರೆಯಾದರೂ ಹೆಚ್ಚು ಪ್ರಮಾಣದ ಮೋಹ ಮರೆಯಾಗಲಿಲ್ಲ. ಹೃದಯಾಘಾತದಿಂದ ಬದುಕುಳಿದ ಸುಮಾರು 12,000 ಬ್ರಿಟಿಷರಲ್ಲಿ ಸಿಮ್ವಸ್ಟ್ಯಾಟಿನ್‌ನ 80 ಮತ್ತು 20 ಮಿಲಿಗ್ರಾಂ ಪ್ರಮಾಣಗಳನ್ನು ಹೋಲಿಸಿದ ಸರ್ಚ್ ಎಂಬ ಅಧ್ಯಯನದಲ್ಲಿ ಹೆಚ್ಚು ಪ್ರಮಾಣ ಪಡೆದ ಶೇ. 0.9ರಷ್ಟು ಜನರಿಗೆ ನಿಜವಾದ ಸ್ನಾಯುರೋಗ ಉಂಟಾಯಿತು, ಕಡಿಮೆ ಪ್ರಮಾಣದವರಲ್ಲಿ ಶೇ. 0.02ರಷ್ಟು ಜನರಿಗೆ ಮಾತ್ರ. ಅದೇ ಅಧ್ಯಯನದ ರಕ್ತಮಾದರಿಗಳಿಂದ 2008ರಲ್ಲಿ ಇನ್ನೊಂದು ಸತ್ಯ ಹೊರಬಿತ್ತು: ಸ್ಟ್ಯಾಟಿನ್ನನ್ನು ರಕ್ತದಿಂದ ಯಕೃತ್ತಿನೊಳಕ್ಕೆ ಸಾಗಿಸುವ ಪ್ರೋಟೀನನ್ನು ನಿರ್ದೇಶಿಸುವ ಎಸ್‌ಎಲ್‌ಸಿಒ1ಬಿ1 ಜೀನಿನ ಒಂದು ರೂಪಾಂತರ ಒಂದು ಪ್ರತಿಯಲ್ಲಿದ್ದರೆ ಸ್ನಾಯುರೋಗದ ಸಾಧ್ಯತೆ ನಾಲ್ಕೂವರೆ ಪಟ್ಟು, ಎರಡೂ ಪ್ರತಿಗಳಲ್ಲಿದ್ದರೆ ಸುಮಾರು 17 ಪಟ್ಟು ಹೆಚ್ಚುತ್ತದೆ. ಇಲ್ಲಿಯೂ ಜೀನು ಮಾಡುವ ಕೆಲಸ ಪ್ರಮಾಣ ಏರಿಸುವುದೇ. 2011ರಲ್ಲಿ ಎಫ್‌ಡಿಎ ಸಿಮ್ವಸ್ಟ್ಯಾಟಿನ್‌ನ 80 ಮಿಲಿಗ್ರಾಂ ಪ್ರಮಾಣವನ್ನು ಹೊಸ ರೋಗಿಗಳಿಗೆ ಆರಂಭಿಸಬಾರದೆಂದು ಸೂಚಿಸಿತು. ಆ ಪ್ರಮಾಣ ಒಪ್ಪಿಗೆ ಪಡೆದು ಹದಿಮೂರು ವರ್ಷಗಳಾಗಿದ್ದವು.

ಪ್ರಮಾಣದ ನಿಯಮಕ್ಕೆ ಒಳಪಡದ ಒಂದು ವಿಧವೂ ಇದೆ. ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು 2010 ಮತ್ತು 2011ರಲ್ಲಿ ತೋರಿಸಿದಂತೆ, ಅತಿ ವಿರಳವಾಗಿ ಕೆಲವರ ದೇಹ ಎಚ್‌ಎಂಜಿ-ಕೋಎ ರಿಡಕ್ಟೇಸ್ ಕಿಣ್ವದ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸತೊಡಗುತ್ತದೆ. ಇಂಥವರಲ್ಲಿ ಮಾತ್ರೆ ನಿಲ್ಲಿಸಿದರೂ ಸ್ನಾಯುನಾಶ ನಿಲ್ಲುವುದಿಲ್ಲ. ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವ ಚಿಕಿತ್ಸೆ ಬೇಕಾಗುತ್ತದೆ. ಉಳಿದಂತೆ ಸ್ನಾಯುಕೋಶದೊಳಗೆ ಏನು ಕೆಡುತ್ತದೆ ಎಂಬ ಪ್ರಶ್ನೆಗೆ ಬಹುಕಾಲ ಕೋಎಂಜೈಮ್ ಕ್ಯೂ-10ರ ಕೊರತೆಯೇ ಉತ್ತರವೆಂದು ಭಾವಿಸಲಾಗಿತ್ತು, ಅದರ ಮಾತ್ರೆಗಳ ವ್ಯಾಪಾರವೂ ಬೆಳೆಯಿತು, ಆದರೆ ಪರೀಕ್ಷೆಗಳಲ್ಲಿ ಅದರ ಪ್ರಯೋಜನ ಸ್ಥಿರವಾಗಿ ಕಂಡುಬಂದಿಲ್ಲ. 2023ರಲ್ಲಿ ಇಸ್ರೇಲಿನ ಸಂಶೋಧಕರು ಬೆಡೂಯಿನ್ ಕುಟುಂಬವೊಂದರಲ್ಲಿ ಎಚ್‌ಎಂಜಿ-ಕೋಎ ರಿಡಕ್ಟೇಸ್ ಕಿಣ್ವದ ಜೀನು ಕೆಟ್ಟು ಉಂಟಾದ ಸ್ನಾಯುಕ್ಷಯವನ್ನು ಗುರುತಿಸಿ, ಮೆವಲೊನೇಟ್‌ನ ಒಂದು ರೂಪವನ್ನು ಕೊಟ್ಟಾಗ ರೋಗಿಯ ಬಲ ಸುಧಾರಿಸಿತೆಂದು ವರದಿ ಮಾಡಿದರು. ಔಷಧವಿಲ್ಲದೆಯೂ ಈ ದಾರಿ ಕಟ್ಟಿದರೆ ಸ್ನಾಯು ಸೋಲುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಇಲ್ಲಿಯವರೆಗಿನದು ರಕ್ತಪರೀಕ್ಷೆಯಲ್ಲಿ ಕಾಣುವ ಹಾನಿಯ ಚರಿತ್ರೆ. ಕ್ರಿಯಾಟಿನ್ ಕೈನೇಸ್ ಏರದೆ, ಮೈಕೈ ನೋವು, ಸೆಡೆತ, ದಣಿವು ಮಾತ್ರ ಇರುವವರ ಸಂಖ್ಯೆ ಇದರ ಹಲವು ಪಟ್ಟು, ಮತ್ತು ವಿವಾದ ಹೊತ್ತಿಕೊಂಡದ್ದು ಇವರ ಸುತ್ತಲೇ. ಫ್ರಾನ್ಸಿನಲ್ಲಿ ಹೆಚ್ಚು ಪ್ರಮಾಣದ ಸ್ಟ್ಯಾಟಿನ್ ಸೇವಿಸುತ್ತಿದ್ದ 7,924 ಜನರನ್ನು ವಿಚಾರಿಸಿದಾಗ ಶೇ. 10.5ರಷ್ಟು ಜನ ಸ್ನಾಯುತೊಂದರೆ ಹೇಳಿಕೊಂಡರೆಂದು 2005ರಲ್ಲಿ ವರದಿಯಾಯಿತು. ಆಕ್ಸ್‌ಫರ್ಡ್ ನೇತೃತ್ವದಲ್ಲಿ 20,536 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲೋ, ಔಷಧ ಪಡೆದವರಲ್ಲೂ ಹುಸಿಮಾತ್ರೆ ಪಡೆದವರಲ್ಲೂ ಮೂವರಲ್ಲಿ ಒಬ್ಬರಂತೆ ಸಮಸಮನಾಗಿ ನೋವು ಹೇಳಿಕೊಂಡಿದ್ದರು. ವಿಮರ್ಶಕರು ಅದರಲ್ಲೊಂದು ಓರೆಯನ್ನು ಎತ್ತಿ ತೋರಿಸಿದರು: ಪರೀಕ್ಷೆಗೆ ಮುನ್ನ ಎಲ್ಲರಿಗೂ ಕೆಲವು ವಾರ ಔಷಧ ಕೊಟ್ಟು ನೋಡಿ, 32,000ಕ್ಕೂ ಹೆಚ್ಚು ಜನರಲ್ಲಿ ಮುಂದುವರಿಯಲಾಗದವರನ್ನು ಕೈಬಿಡಲಾಗಿತ್ತು. ಆಕ್ಷೇಪ ನ್ಯಾಯವಾದದ್ದೇ. ಆದರೆ 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಐವರಲ್ಲಿ ಒಬ್ಬರಿಗೆ ಅಡ್ಡಪರಿಣಾಮ ಆಗುತ್ತದೆಂಬ ಅರ್ಥದ ಹೇಳಿಕೆಗಳು ಬಂದು, ಮರುವರ್ಷ ಅವನ್ನು ಪತ್ರಿಕೆಯೇ ಹಿಂದೆಗೆದುಕೊಳ್ಳಬೇಕಾಗಿ ಬಂದಾಗ, ಇನ್ನೊಂದು ಬದಿಯ ಉತ್ಪ್ರೇಕ್ಷೆಯೂ ಬಯಲಾಯಿತು.

ಈ ಗೋಜಲನ್ನು ಬಿಡಿಸಲು ಲಂಡನ್ನಿನ ಇಂಪೀರಿಯಲ್ ಕಾಲೇಜು ನಡೆಸಿದ ಸ್ಯಾಮ್ಸನ್ ಎಂಬ ಪ್ರಯೋಗ ಸಣ್ಣದು, ಆದರೆ ಅದರ ರಚನೆ ಮೆಚ್ಚತಕ್ಕದ್ದು. ಅಡ್ಡಪರಿಣಾಮದ ಕಾರಣಕ್ಕೆ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರು ಒಂದು ವರ್ಷ ಕಾಲ, ಯಾದೃಚ್ಛಿಕ ಕ್ರಮದಲ್ಲಿ, ನಾಲ್ಕು ತಿಂಗಳು ಸ್ಟ್ಯಾಟಿನ್, ನಾಲ್ಕು ತಿಂಗಳು ಹುಸಿಮಾತ್ರೆ ಸೇವಿಸಿ, ಉಳಿದ ನಾಲ್ಕು ತಿಂಗಳು ಯಾವ ಮಾತ್ರೆಯನ್ನೂ ಸೇವಿಸದೆ, ದಿನವೂ ತಮ್ಮ ತೊಂದರೆಗೆ ನೂರರಲ್ಲಿ ಅಂಕ ಕೊಟ್ಟರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಾತ್ರೆಯಿಲ್ಲದ ತಿಂಗಳುಗಳ ಸರಾಸರಿ 8.0, ಹುಸಿಮಾತ್ರೆಯ ತಿಂಗಳುಗಳದು 15.4, ಸ್ಟ್ಯಾಟಿನ್ ತಿಂಗಳುಗಳದು 16.3. ಕೇಡಾಗುತ್ತದೆಂಬ ನಿರೀಕ್ಷೆಯೇ ಕೇಡಿನ ಅನುಭವವನ್ನು ತರುವ ಈ ಪರಿಣಾಮಕ್ಕೆ ನೊಸೀಬೊ ಎಂದು ಹೆಸರು. ನೋವು ಕಲ್ಪಿತವಲ್ಲ, ಅನುಭವಿಸಿದವರು ಸುಳ್ಳಾಡಿದವರೂ ಅಲ್ಲ. ಮಾತ್ರೆ ನುಂಗುವ ಕ್ರಿಯೆಯೇ ನೋವನ್ನು ಹೆಚ್ಚಿಸಿತ್ತು, ಅದರೊಳಗಿನ ಔಷಧದ ಪಾಲು ಅಲ್ಪವಾಗಿತ್ತು. ತಮ್ಮದೇ ಅಂಕಗಳನ್ನು ತೋರಿಸಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಆರಂಭಿಸಿದರು. 2022ರಲ್ಲಿ 19 ಪರೀಕ್ಷೆಗಳ 1,23,940 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಸ್ಟ್ಯಾಟಿನ್ ಪಡೆದವರಲ್ಲಿ ಶೇ. 27.1, ಹುಸಿಮಾತ್ರೆ ಪಡೆದವರಲ್ಲಿ ಶೇ. 26.6ರಷ್ಟು ಜನ ಸ್ನಾಯುತೊಂದರೆ ಹೇಳಿಕೊಂಡಿದ್ದರು; ಹೆಚ್ಚುವರಿ ನೋವು ಬಹುತೇಕ ಮೊದಲ ವರ್ಷದಲ್ಲೇ, ಸಾವಿರಕ್ಕೆ ಸುಮಾರು 11ರಂತೆ ಕಂಡುಬಂದಿತ್ತು. ಅಂದರೆ ಔಷಧದ ಪಾಲು ಶೂನ್ಯವಲ್ಲ, ಆದರೆ ನೋವಿನ ಹತ್ತು ದೂರುಗಳಲ್ಲಿ ಒಂಬತ್ತಕ್ಕಿಂತ ಹೆಚ್ಚಿನವಕ್ಕೆ ಕಾರಣ ಬೇರೆ.

ಭಾರತೀಯರ ಮಟ್ಟಿಗೆ ಪ್ರಮಾಣದ ಪ್ರಶ್ನೆಗೆ ವಿಶೇಷ ಅರ್ಥವಿದೆ. ರೊಸುವಸ್ಟ್ಯಾಟಿನ್‌ನ ಒಂದೇ ಪ್ರಮಾಣ ಏಷ್ಯಾ ಮೂಲದವರ ರಕ್ತದಲ್ಲಿ ಬಿಳಿಯರಿಗಿಂತ ಸುಮಾರು ಎರಡು ಪಟ್ಟಿನವರೆಗೆ ಮಟ್ಟ ತಲುಪುತ್ತದೆಂದು ಕಂಡುಬಂದುದರಿಂದ, 2005ರಲ್ಲಿ ಎಫ್‌ಡಿಎ ಏಷ್ಯನ್ನರಿಗೆ 5 ಮಿಲಿಗ್ರಾಂನಿಂದ ಆರಂಭಿಸುವುದನ್ನು ಪರಿಗಣಿಸುವಂತೆ ಸೂಚಿಸಿತು. ಇನ್ನೊಂದು ನಂಟು ಬೆಂಗಳೂರಿನದು. ಎಂಡೊ ಅವರಂತೆಯೇ ಕಿಣ್ವಗಳಿಂದ ಕೆಲಸ ಆರಂಭಿಸಿ, 1978ರಲ್ಲಿ, ಅಂದರೆ ಒಸಾಕಾದ ತರುಣಿಗೆ ಚಿಕಿತ್ಸೆ ನಡೆದ ವರ್ಷವೇ ಸ್ಥಾಪನೆಯಾದ ಬಯೋಕಾನ್ ಕಂಪನಿ, ಬೂಷ್ಟುಗಳನ್ನು ಬೆಳೆಸುವ ತನ್ನ ಕುಶಲತೆಯನ್ನು ಸ್ಟ್ಯಾಟಿನ್‌ಗಳತ್ತ ತಿರುಗಿಸಿ, 2001ರಲ್ಲಿ ಲೋವಸ್ಟ್ಯಾಟಿನ್ ತಯಾರಿಕೆಗೆ ಎಫ್‌ಡಿಎ ಒಪ್ಪಿಗೆ ಪಡೆದ ಮೊದಲ ಭಾರತೀಯ ಕಂಪನಿಯಾಯಿತು.

ಸ್ನಾಯುವನ್ನು ತಪ್ಪಿಸಿ ಹೋಗುವ ಔಷಧವೂ ಈಗ ಇದೆ. 2020ರಲ್ಲಿ ಒಪ್ಪಿಗೆ ಪಡೆದ ಬೆಂಪಿಡೋಯಿಕ್ ಆಮ್ಲ ಯಕೃತ್ತಿನಲ್ಲಿರುವ, ಸ್ನಾಯುವಿನಲ್ಲಿ ಇಲ್ಲದ ಕಿಣ್ವವೊಂದರಿಂದ ಮಾತ್ರ ಸಕ್ರಿಯಗೊಳ್ಳುತ್ತದೆ. ಸ್ಟ್ಯಾಟಿನ್ ಸಹಿಸಲಾಗದ 13,970 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಹೃದ್ರೋಗದ ಘಟನೆಗಳನ್ನು ಕಡಿಮೆ ಮಾಡಿತು. ಸ್ಟ್ಯಾಟಿನ್ ಸೇವಿಸುತ್ತಿರುವವರು ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಅಥವಾ ಕುಳಿತಲ್ಲಿಂದ ಏಳಲಾಗದಷ್ಟು ತೊಡೆಗಳು ಸೋತರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬರಿಯ ನೋವಾದರೆ ಮಾತ್ರೆಯನ್ನು ತಾವಾಗಿ ಬಿಟ್ಟುಬಿಡುವ ಬದಲು, ಜೊತೆಗೆ ಸೇವಿಸುತ್ತಿರುವ ಇತರ ಔಷಧಗಳ ಪಟ್ಟಿಯೊಂದಿಗೆ ವೈದ್ಯರ ಬಳಿ ಹೋಗಿ, ಪ್ರಮಾಣ ತಗ್ಗಿಸಬಹುದೇ, ಬೇರೆ ಸ್ಟ್ಯಾಟಿನ್‌ಗೆ ಬದಲಿಸಬಹುದೇ, ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ಕೇಳಬೇಕು.